ಮೈಕ್ರೋವೇವ್ ಓವನ್: ನಾವು ಹೆದರಬೇಕಾದ್ದು ಯಾವುದಕ್ಕೆ?

ನಮ್ಮ ಪರಿಚಯದ ಹಿರಿಯರೊಬ್ಬರು ಮೈಕ್ರೋವೇವ್ ಓವನ್ ಶುರುವಾದ ಕೂಡಲೇ ಅಡುಗೆಮನೆಯಿಂದ ಹೊರಗೆ ಬಂದುಬಿಡುತ್ತಾರೆ. "ರೇಡಿಯೇಷನ್ ಇರುತ್ತಂತೆ, ಹತ್ತಿರ ನಿಲ್ಲಬಾರದಂತೆ" ಎನ್ನುವುದು ಅವರ ಅಳಲು. ಓವನ್ 'ಟಿಣ್' ಎಂದ ಮೇಲೆ ಒಳಗೆ ಹೋಗಿ, ಗಾಜಿನ ಲೋಟದಲ್ಲಿ ಕಾದ ನೀರನ್ನು ತೆಗೆದು, ಮುಖದ ಹತ್ತಿರವೇ ಹಿಡಿದುಕೊಂಡು ಒಂದು ಚಮಚ ಕಾಫಿ ಪುಡಿ ಸುರಿಯುತ್ತಾರೆ.

ಹೊರಗೆ ಬರದಿದ್ದರೂ ಅವರಿಗೆ ಏನೂ ಆಗುತ್ತಿರಲಿಲ್ಲ. ಆದರೆ ಕಾದ ನೀರಿಗೆ ಹಾಗೆ ಪುಡಿ ಸುರಿದು ಮುಖ ಸುಟ್ಟುಕೊಂಡವರಿದ್ದಾರೆ. ಮೈಕ್ರೋವೇವ್ ಬಗ್ಗೆ ನಮ್ಮಲ್ಲಿರುವ ಬಹುಪಾಲು ಭಯ ಹೀಗೆಯೇ: ಹೆದರಬೇಕಿಲ್ಲದ ಕಡೆ ಹೆದರುತ್ತೇವೆ, ಎಚ್ಚರ ಬೇಕಾದ ಕಡೆ ಮೈಮರೆಯುತ್ತೇವೆ. ಯಾವುದು ಯಾವುದು ಎಂದು ಒಂದೊಂದಾಗಿ ನೋಡೋಣ.

ಪೆಟ್ಟಿಗೆಯ ಒಳಗೆ ನಡೆಯುವುದೇನು?

ಈ ಒಲೆ ಹುಟ್ಟಿದ್ದು ಯುದ್ಧದ ಉಪಕರಣದಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರು ವಿಮಾನಗಳನ್ನು ಪತ್ತೆಹಚ್ಚುವ ರೇಡಾರ್‌ಗಳಿಗಾಗಿ 'ಮ್ಯಾಗ್ನೆಟ್ರಾನ್' ಎಂಬ ಕೊಳವೆಯನ್ನು ಬಳಸುತ್ತಿದ್ದರು. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಅದರ ಮೇಲೆ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್, ಮ್ಯಾಗ್ನೆಟ್ರಾನಿನ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಸಿಹಿತಿನಿಸು ಕರಗಿದ್ದನ್ನು ಗಮನಿಸಿದರು ಎಂಬ ಕತೆ ಪ್ರಸಿದ್ಧ. 1945ರಲ್ಲಿ ಅವರು ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮೊದಲ ಓವನ್‌ಗಳು ಆಳೆತ್ತರದ ಬೀರುವಿನಷ್ಟು ದೊಡ್ಡವು. ಅಡುಗೆಕಟ್ಟೆಯ ಮೇಲೆ ಕೂರುವ ಮಾದರಿ ಅಮೆರಿಕದ ಮನೆಗಳಿಗೆ ಬಂದದ್ದು 1967ರಲ್ಲಿ.

ಇಂದಿನ ಓವನ್‌ನಲ್ಲೂ ಇರುವುದು ಅದೇ ಮ್ಯಾಗ್ನೆಟ್ರಾನ್. ಅದು ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಕಂಪಿಸುವ ಅಲೆಗಳನ್ನು (2.45 ಗಿಗಾಹರ್ಟ್ಸ್) ಹೊರಡಿಸುತ್ತದೆ. ನೀರಿನ ಅಣುವಿನ ಒಂದು ತುದಿಯಲ್ಲಿ ಸ್ವಲ್ಪ ಧನ ಆವೇಶ, ಇನ್ನೊಂದು ತುದಿಯಲ್ಲಿ ಸ್ವಲ್ಪ ಋಣ ಆವೇಶ ಇರುತ್ತದೆ. ಅಲೆ ದಿಕ್ಕು ಬದಲಿಸಿದಂತೆಲ್ಲ ಅಣುಗಳೂ ತಿರುಗಲು ಹವಣಿಸುತ್ತವೆ. ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಈ ತಳ್ಳಾಟವೇ ಬಿಸಿ. ಆದ್ದರಿಂದಲೇ ನೀರಿನಂಶ ಹೆಚ್ಚಿರುವ ಸಾರು ಬೇಗ ಕಾಯುತ್ತದೆ, ಒಣಗಿದ ಪಿಂಗಾಣಿ ತಟ್ಟೆ ಅಷ್ಟಾಗಿ ಕಾಯುವುದಿಲ್ಲ.

"ಮೈಕ್ರೋವೇವ್ ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ" ಎನ್ನುವ ಮಾತು ತಪ್ಪು. ಅಲೆಗಳು ಆಹಾರದೊಳಕ್ಕೆ ಎರಡು-ಮೂರು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಬಹಳಷ್ಟು ಕ್ಷೀಣಿಸಿರುತ್ತವೆ. ಅದಕ್ಕಿಂತ ಒಳಗಿನ ಭಾಗ ಬಿಸಿಯಾಗುವುದು ಮಾಮೂಲಿ ಒಲೆಯಲ್ಲಿ ಆಗುವಂತೆ, ಹೊರಗಿನ ಬಿಸಿ ನಿಧಾನವಾಗಿ ಒಳಕ್ಕೆ ಹರಿದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಕಿರಣ ಎಂದರೆ ಕ್ಯಾನ್ಸರ್ ಎಂದೇ ಅರ್ಥವೇ?

ಅಲ್ಲ. ಸೂರ್ಯನ ಬೆಳಕು, ರೇಡಿಯೋ, ಒಲೆಯ ಕಾವು ಎಲ್ಲವೂ ವಿಕಿರಣಗಳೇ. ಎಕ್ಸ್-ರೇ, ಗಾಮಾ ಕಿರಣಗಳಂಥವು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಬಲ್ಲವು. ಹಾಗಾಗಿ ಡಿಎನ್‌ಎಗೆ ಪೆಟ್ಟಾಗುತ್ತದೆ. ಮೈಕ್ರೋವೇವ್‌ನ ಒಂದೊಂದು ಶಕ್ತಿಕಣದಲ್ಲಿ ಇರುವುದು ಅಂಥ ಕೆಲಸಕ್ಕೆ ಬೇಕಾದ ಶಕ್ತಿಯ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ. ಅದು ಅಣುಗಳನ್ನು ಅಲುಗಿಸಬಲ್ಲದು, ಒಡೆಯಲಾರದು. ಸ್ವಿಚ್ ಆರಿದ ಕ್ಷಣವೇ ಅಲೆಗಳೂ ನಿಲ್ಲುತ್ತವೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದ ಹಾಗೆ, ಅನ್ನದೊಳಗೆ ವಿಕಿರಣ ಉಳಿಯುವುದಿಲ್ಲ.

ಹಾಗೆಂದು ಈ ಅಲೆಗಳು ಮೈಮೇಲೆ ಬಿದ್ದರೂ ಪರವಾಗಿಲ್ಲ ಎಂದಲ್ಲ. ಅನ್ನವನ್ನು ಬಿಸಿ ಮಾಡುವ ಅಲೆ ಕೈಯನ್ನೂ ಬಿಸಿ ಮಾಡುತ್ತದೆ. ಅದಕ್ಕೇ ಅವನ್ನು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕಿರುವುದು. ಬಾಗಿಲಿನ ಗಾಜಿನಲ್ಲಿ ಕಾಣುವ ಜಾಲರಿಯೂ ಲೋಹವೇ. ಈ ಅಲೆಗಳ ಉದ್ದ ಸುಮಾರು 12 ಸೆಂಟಿಮೀಟರ್. ಜಾಲರಿಯ ತೂತು ಒಂದೆರಡು ಮಿಲಿಮೀಟರ್. ಬೆಳಕು ದಾಟುತ್ತದೆ, ಮೈಕ್ರೋವೇವ್ ದಾಟಲಾರದು. ಬಾಗಿಲು ತೆರೆದರೆ ಮ್ಯಾಗ್ನೆಟ್ರಾನ್ ತಾನಾಗಿ ನಿಲ್ಲುವಂತೆ ಒಂದಕ್ಕಿಂತ ಹೆಚ್ಚು ಸುರಕ್ಷತಾ ಸ್ವಿಚ್‌ಗಳಿರುತ್ತವೆ.

ಆದ್ದರಿಂದ ಗಮನವಿಡಬೇಕಾದ್ದು ಬಾಗಿಲಿನ ಮೇಲೆ. ಬಾಗಿಲು ಸೊಟ್ಟಗಾಗಿದ್ದರೆ, ಹಿಂಜು ಸಡಿಲವಾಗಿದ್ದರೆ, ಅಂಚಿನ ಸೀಲ್ ಕಿತ್ತಿದ್ದರೆ, ಗಾಜು ಅಥವಾ ಜಾಲರಿ ಒಡೆದಿದ್ದರೆ ಆ ಓವನ್ ಬಳಸಬೇಡಿ. ಬಾಗಿಲಿನ ಮೇಲೆ ಟವೆಲ್ ನೇತುಹಾಕುವುದು, ತೆರೆದ ಬಾಗಿಲಿನ ಮೇಲೆ ಪಾತ್ರೆ ಇಳಿಸಿಕೊಳ್ಳುವುದು, ಮಕ್ಕಳು ಜೋತು ಬೀಳುವುದು ಇವೆಲ್ಲ ಬೇಡ.

ಮೊಬೈಲ್ ಪರೀಕ್ಷೆ ನಂಬಬಹುದೇ?

"ಓವನ್ ಒಳಗೆ ಫೋನ್ ಇಟ್ಟು ಕರೆ ಮಾಡಿ, ರಿಂಗ್ ಆದರೆ ಓವನ್ ಸೋರುತ್ತಿದೆ ಎಂದರ್ಥ" ಎನ್ನುವ ಸಂದೇಶ ಆಗಾಗ ವಾಟ್ಸಾಪ್‌ನಲ್ಲಿ ಬರುತ್ತದೆ. ಫೋನಿಗೆ ಸಂಕೇತ ಹಿಡಿಯಲು ವಾಟ್‌ನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಶಕ್ತಿ ಸಾಕು. ಅಷ್ಟು ಸೂಕ್ಷ್ಮ ಸಂಕೇತ ಪೆಟ್ಟಿಗೆಯೊಳಗೆ ನುಸುಳಿತು ಎಂದರೆ ಅಪಾಯದ ಮಟ್ಟದ ಸೋರಿಕೆ ಇದೆ ಎಂದೇನೂ ಅಲ್ಲ. ಓವನ್ ಓಡುವಾಗ ವೈಫೈ ತಡವರಿಸುವುದೂ ಇದೇ ಕಾರಣಕ್ಕೆ: ಎರಡೂ ಹೆಚ್ಚುಕಡಿಮೆ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ, ರೂಟರ್‌ನ ಕಿವಿ ಬಹಳ ಸೂಕ್ಷ್ಮ. ಮುಖ್ಯವಾಗಿ, ಒಳಗೆ ಫೋನ್ ಇಟ್ಟು ಮರೆತು ಓವನ್ ಶುರು ಮಾಡಿದರೆ ಫೋನೂ ಹೋಗುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಈ ಪರೀಕ್ಷೆ ಮಾಡಬೇಡಿ.

ಪೋಷಕಾಂಶ ಸತ್ತುಹೋಗುತ್ತದೆಯೇ?

ಯಾವ ಒಲೆಯಲ್ಲಿ ಬೇಯಿಸಿದರೂ ಕೆಲವು ಜೀವಸತ್ವಗಳು ಕಡಿಮೆಯಾಗುತ್ತವೆ. ಎಷ್ಟು ಹೊತ್ತು ಬೇಯಿಸಿದಿರಿ, ಎಷ್ಟು ನೀರು ಹಾಕಿದಿರಿ, ಆ ನೀರನ್ನು ಬಸಿದು ಚೆಲ್ಲಿದಿರಾ ಎನ್ನುವುದೇ ಇಲ್ಲಿ ಮುಖ್ಯ. ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು. ಸ್ವಲ್ಪವೇ ನೀರು ಚಿಮುಕಿಸಿ, ಮುಚ್ಚಿ, ಕಡಿಮೆ ಹೊತ್ತು ಮೈಕ್ರೋವೇವ್‌ನಲ್ಲಿ ಬೇಯಿಸಿದ ತರಕಾರಿಯಲ್ಲಿ ಅದು ಬಹಳ ನೀರಿನಲ್ಲಿ ಕುದಿಸಿ ಬಸಿದ ತರಕಾರಿಗಿಂತ ಹೆಚ್ಚಾಗಿಯೇ ಉಳಿಯುವುದುಂಟು.

ನಿಜವಾದ ಅಪಾಯ ಒಂದು: ಕುದಿಯದೆ ಕಾದ ನೀರು

ಈಗ ಕಾಫಿ ಲೋಟಕ್ಕೆ ಬರೋಣ. ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ತಳ ಬಿಸಿಯಾಗಿ ಅಲ್ಲಿಂದ ಗುಳ್ಳೆಗಳು ಏಳುತ್ತವೆ. ಮೈಕ್ರೋವೇವ್‌ನಲ್ಲಿ ಕಾಯುವುದು ನೀರು, ಲೋಟವಲ್ಲ. ನುಣುಪಾದ ಸ್ವಚ್ಛ ಗಾಜಿನ ಲೋಟದಲ್ಲಿ ಗುಳ್ಳೆ ಹುಟ್ಟಲು ಜಾಗವೇ ಸಿಗದೆ, ನೀರು ಕುದಿಯುವ ಬಿಂದುವನ್ನು (ಸಮುದ್ರಮಟ್ಟದಲ್ಲಿ 100 ಡಿಗ್ರಿ, ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ ಸೆಲ್ಸಿಯಸ್) ದಾಟಿಯೂ ಸದ್ದಿಲ್ಲದೆ ನಿಂತಿರಬಹುದು. ನೋಡಿದರೆ ಶಾಂತ ನೀರು. ಅದಕ್ಕೆ ಚಮಚ ಹಾಕಿದರೆ, ಸಕ್ಕರೆಯನ್ನೋ ಕಾಫಿ ಪುಡಿಯನ್ನೋ ಸುರಿದರೆ, ಲೋಟ ಅಲುಗಿದರೂ ಸಾಕು, ತಡೆದಿದ್ದ ಆವಿಯೆಲ್ಲ ಒಮ್ಮೆಲೇ ಚಿಮ್ಮುತ್ತದೆ. ಕೈ, ಮುಖ, ಕಣ್ಣು ಸುಡುತ್ತವೆ.

ತಡೆಯುವುದು ಸುಲಭ. ನೀರನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಇಡಬೇಡಿ. ಒಂದು ಮರದ ಚಮಚವನ್ನೋ ಐಸ್‌ಕ್ರೀಮ್ ಕಡ್ಡಿಯನ್ನೋ ಲೋಟದೊಳಗೆ ಹಾಕಿಯೇ ಕಾಯಿಸಿ; ಅದರ ಒರಟು ಮೈಯಲ್ಲಿ ಗುಳ್ಳೆಗಳು ಹುಟ್ಟುತ್ತವೆ. ಓವನ್ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು, ಮುಖ ದೂರವಿಟ್ಟು ತೆಗೆಯಿರಿ. ಒಮ್ಮೆ ಕಾಯಿಸಿ ಆರಿದ ನೀರನ್ನು ಅದೇ ಲೋಟದಲ್ಲಿ ಮತ್ತೆ ಕಾಯಿಸಬೇಡಿ.

ಮೊಟ್ಟೆಯದೂ ಇದೇ ಕತೆ. ಚಿಪ್ಪಿನೊಳಗೆ ಆವಿ ತುಂಬಿ ಮೊಟ್ಟೆ ಸಿಡಿಯುತ್ತದೆ. ಬೇಯಿಸಿ ಸುಲಿದ ಮೊಟ್ಟೆಯನ್ನು ಇಡಿಯಾಗಿ ಬಿಸಿ ಮಾಡಿದರೆ, ಬಾಯಿಗಿಟ್ಟು ಕಚ್ಚಿದಾಗ ಸಿಡಿಯುವುದೂ ಉಂಟು; ಅದನ್ನು ಹೋಳು ಮಾಡಿಯೇ ಇಡಿ. ಇಡೀ ಆಲೂಗಡ್ಡೆ, ಟೊಮ್ಯಾಟೊಗಳಿಗೆ ಮುಳ್ಳುಚಮಚದಿಂದ ನಾಲ್ಕು ಕಡೆ ಚುಚ್ಚಿ. ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನು ಎಂದೂ ಇಡಬೇಡಿ.

ನಿಜವಾದ ಅಪಾಯ ಎರಡು: ಅರೆಬಿಸಿ ತಂಗಳು

ಓವನ್ ಒಳಗೆ ಅಲೆಗಳು ಗೋಡೆಯಿಂದ ಗೋಡೆಗೆ ಪ್ರತಿಫಲಿಸಿ, ಕೆಲವು ಜಾಗದಲ್ಲಿ ಒಂದಕ್ಕೊಂದು ಬಲವಾಗಿ, ಕೆಲವು ಜಾಗದಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ಅದಕ್ಕೇ ತಿರುಗುವ ಗಾಜಿನ ತಟ್ಟೆ ಇರುವುದು. ಅಷ್ಟಾದರೂ ಅಂಚಿನಲ್ಲಿ ಹೊಗೆಯಾಡುವ ಪಲಾವ್ ನಡುವೆ ತಣ್ಣಗಿರುತ್ತದೆ. ಅಲೆ ಆಳಕ್ಕೆ ಇಳಿಯುವುದಿಲ್ಲ ಎಂದದ್ದು ನೆನಪಿದೆಯಲ್ಲ? ಆ ತಣ್ಣನೆಯ ಭಾಗದಲ್ಲಿ ಬ್ಯಾಕ್ಟೀರಿಯಾ ಹಾಯಾಗಿ ಉಳಿದಿರುತ್ತವೆ. ಆದ್ದರಿಂದ ಆಹಾರವನ್ನು ಅಗಲವಾಗಿ ಹರಡಿ, ಮುಚ್ಚಿ ಬಿಸಿ ಮಾಡಿ, ನಡುವೆ ಒಮ್ಮೆ ನಿಲ್ಲಿಸಿ ಕಲಕಿ, ಕೊನೆಗೆ ಎರಡು ನಿಮಿಷ ಹಾಗೇ ಬಿಡಿ. ಎಲ್ಲ ಕಡೆಯೂ ಸುಮಾರು 74 ಡಿಗ್ರಿ ಮುಟ್ಟಬೇಕು. ಎಂದರೆ ಎಲ್ಲೆಡೆ ಹಬೆಯಾಡುವಷ್ಟು ಬಿಸಿ.

ಅನ್ನದ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಉಳಿದರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಈ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಹೇಗೂ ಮೈಕ್ರೋವೇವ್‌ನಲ್ಲಿ ಬಿಸಿ ಮಾಡ್ತೀನಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಉಳಿದ ಅನ್ನ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ.

ಮಗುವಿನ ಹಾಲನ್ನಂತೂ ಇದರಲ್ಲಿ ಬಿಸಿ ಮಾಡಲೇಬೇಡಿ. ಬಾಟಲಿ ಮುಟ್ಟಿದರೆ ಬೆಚ್ಚಗಿರುತ್ತದೆ, ಒಳಗೆ ಒಂದೆಡೆ ಹಾಲು ಸುಡುತ್ತಿರುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ.

ಯಾವ ಪಾತ್ರೆ?

ನಮ್ಮ ಅಡುಗೆಮನೆಗಳಲ್ಲಿ ಎಲ್ಲವೂ ಸ್ಟೀಲ್. ಸ್ಟೀಲ್ ಡಬ್ಬಿಯಲ್ಲಿ ಅಲೆಗಳು ಮೇಲಿನ ಬಾಯಿಂದಷ್ಟೇ ಒಳಗೆ ಹೋಗಬಲ್ಲವು, ಉಳಿದ ಕಡೆ ಲೋಹಕ್ಕೆ ಬಡಿದು ಹಿಂದಿರುಗುತ್ತವೆ. ಲೋಹದ ಅಂಚು ಚೂಪಾಗಿದ್ದರೆ, ಓವನ್ ಗೋಡೆಗೆ ಹತ್ತಿರವಿದ್ದರೆ ಕಿಡಿ ಹಾರುತ್ತದೆ. ಅಲ್ಯೂಮಿನಿಯಂ ಫಾಯಿಲ್, ಮುಳ್ಳುಚಮಚ, ಚಿನ್ನದ ಬಣ್ಣದ ಅಂಚಿನ ಪಿಂಗಾಣಿ ಇವೆಲ್ಲ ಬೇಡ. ಓವನ್ ಜೊತೆ ಬರುವ ಲೋಹದ ಸ್ಟ್ಯಾಂಡ್ ಗ್ರಿಲ್ ಅಥವಾ ಕನ್ವೆಕ್ಷನ್ ಬಳಕೆಗೆ. ಮೈಕ್ರೋವೇವ್ ಮೋಡ್‌ನಲ್ಲಿ ಅದನ್ನು ಹೊರಗಿಡಿ. ಅದೇ ರೀತಿ, ಕನ್ವೆಕ್ಷನ್ ಮೋಡ್‌ನಲ್ಲಿ ಯಾವ ಪ್ಲಾಸ್ಟಿಕ್ಕೂ ಬೇಡ, ಕರಗಿಹೋಗುತ್ತದೆ.

ಹೋಟೆಲಿನಿಂದ ಬಂದ ತೆಳು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಮಾಡಬೇಡಿ. ಎಣ್ಣೆ ತೇಲುವ ಸಾಗು, ಗ್ರೇವಿಗಳ ಬಿಸಿ ನೀರಿನ ಕುದಿಬಿಂದುವನ್ನೂ ಮೀರಬಹುದು; ಆಗ ಪ್ಲಾಸ್ಟಿಕ್ ಮೆತ್ತಗಾಗಿ ಅದರಲ್ಲಿನ ರಾಸಾಯನಿಕಗಳು ಆಹಾರಕ್ಕೆ ಇಳಿಯುವ ಸಾಧ್ಯತೆ ಹೆಚ್ಚು. 'ಮೈಕ್ರೋವೇವ್ ಸೇಫ್' ಎಂಬ ಗುರುತಿರುವ ಗಾಜು ಅಥವಾ ಪಿಂಗಾಣಿ ಒಳ್ಳೆಯದು. ಗುರುತಿಲ್ಲದ ಪಿಂಗಾಣಿ ಬಟ್ಟಲಿಗೆ ಒಂದು ಸರಳ ಪರೀಕ್ಷೆ ಇದೆ: ಖಾಲಿ ಬಟ್ಟಲನ್ನೂ ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಬಟ್ಟಲು ತಣ್ಣಗಿದ್ದರೆ ಸರಿ. ಬಟ್ಟಲೇ ಕಾದಿದ್ದರೆ ಬೇಡ.

ಪ್ಲಗ್, ಗಾಳಿ, ಶುಚಿ

ಓವನ್ ಮೇಲೆ 900 ವಾಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಆಹಾರಕ್ಕೆ ಸಿಗುವ ಶಕ್ತಿ. ಗೋಡೆಯಿಂದ ಅದು 1300-1400 ವಾಟ್ ಎಳೆಯುತ್ತದೆ. ಕನ್ವೆಕ್ಷನ್ ಆದರೆ ಇನ್ನೂ ಹೆಚ್ಚು. ಆದ್ದರಿಂದ ಅರ್ಥ್ ಇರುವ 16 ಆಂಪ್ ಸಾಕೆಟ್ ಬೇಕು. ಮಿಕ್ಸಿ, ಕೆಟಲ್ ಜೊತೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ.

ಹಿಂದೆ, ಮೇಲೆ, ಪಕ್ಕದಲ್ಲಿ ಕೈಪಿಡಿ ಹೇಳಿದಷ್ಟು ಜಾಗ ಬಿಡಿ. ಧೂಳು ಕೂರದಿರಲಿ ಎಂದು ಕಸೂತಿ ಬಟ್ಟೆ ಹೊದಿಸಿ, ಮೇಲೊಂದು ಡಬ್ಬಿಗಳ ಸಾಲು ಜೋಡಿಸುವುದು ನಮ್ಮ ಅಭ್ಯಾಸ. ಹಾಗೆ ಮಾಡಿದರೆ ಗಾಳಿ ಕಿಂಡಿ ಮುಚ್ಚಿ ಯಂತ್ರ ಬೆವರುತ್ತದೆ. ಖಾಲಿ ಓವನ್ ಓಡಿಸಬೇಡಿ. ಹೀರಲು ಏನೂ ಸಿಗದ ಅಲೆಗಳು ಮ್ಯಾಗ್ನೆಟ್ರಾನ್ ಕಡೆಗೇ ಮರಳಿ ಅದನ್ನು ಹಾಳು ಮಾಡುತ್ತವೆ.

ಶುಚಿ ಮಾಡಲು ಒಂದು ಬಟ್ಟಲು ನೀರಿಗೆ ನಿಂಬೆಹೋಳು ಮತ್ತು ಮರದ ಚಮಚ ಹಾಕಿ ಮೂರು-ನಾಲ್ಕು ನಿಮಿಷ ಕಾಯಿಸಿ, ಐದು ನಿಮಿಷ ಬಾಗಿಲು ತೆರೆಯದೆ ಬಿಡಿ. ಹಬೆಗೆ ಜಿಡ್ಡು ನೆನೆದಿರುತ್ತದೆ. ಪ್ಲಗ್ ತೆಗೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಸ್ಟೀಲ್ ನಾರು ಬೇಡ. ಬಾಗಿಲಿನ ಅಂಚು ಮರೆಯಬೇಡಿ; ಅಲ್ಲಿ ಜಿಡ್ಡು ಕಟ್ಟಿದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಒಳಗೋಡೆಯಲ್ಲಿ ರಟ್ಟಿನಂತೆ ಕಾಣುವ ಒಂದು ಹಾಳೆ ಇರುತ್ತದೆ. ಪ್ಯಾಕಿಂಗ್ ಎಂದುಕೊಂಡು ಅದನ್ನು ಕಿತ್ತವರಿದ್ದಾರೆ! ಅದು ಅಭ್ರಕದ ಹಾಳೆ, ಅಲೆಗಳು ಬರುವ ದಾರಿಯ ಮುಚ್ಚಳ. ಅದರ ಮೇಲೆ ಜಿಡ್ಡು ಸುಟ್ಟು ಕರಕಲಾದರೆ ಕಿಡಿ ಹಾರತೊಡಗುತ್ತದೆ. ಆಗ ಹೊಸದು ಹಾಕಿಸಿ.

ಬೆಂಕಿ ಕಂಡರೆ, ಕೆಟ್ಟುನಿಂತರೆ

ಹಪ್ಪಳ, ಪಾಪ್‌ಕಾರ್ನ್‌ನಂಥ ಒಣ ಪದಾರ್ಥ ಇಟ್ಟು ಆಚೆ ಹೋಗಬೇಡಿ. ಒಂದು ನಿಮಿಷ ಹೆಚ್ಚಾದರೆ ಹೊತ್ತಿಕೊಳ್ಳುತ್ತದೆ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕರೆ ಅದು ಹೆಚ್ಚುತ್ತದೆ. ಗೋಡೆಯ ಸ್ವಿಚ್ ಆರಿಸಿ. ಬೆಂಕಿ ಪೆಟ್ಟಿಗೆಯೊಳಗೇ ಆರುವವರೆಗೆ ಕಾಯಿರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಓವನ್‌ನ ಹೊರಕವಚ ಬಿಚ್ಚಿ ನೀವೇ ರಿಪೇರಿಗೆ ಇಳಿಯಬೇಡಿ. ಮ್ಯಾಗ್ನೆಟ್ರಾನ್ ಓಡಲು ಸಾವಿರಾರು ವೋಲ್ಟ್ ಬೇಕು. ಅದಕ್ಕಾಗಿ ಇರುವ ಕೆಪಾಸಿಟರ್, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಫ್ಯಾನು, ಮಿಕ್ಸಿ ಬಿಚ್ಚಿ ಸರಿಮಾಡಿದ ಧೈರ್ಯದಲ್ಲಿ ಇದಕ್ಕೆ ಕೈಹಾಕಬಾರದು. ಈ ಯಂತ್ರವನ್ನೇ ಕಲಿತ ತಂತ್ರಜ್ಞರನ್ನು ಕರೆಯಿರಿ.

ಆ ಹಿರಿಯರಿಗೆ ಇದನ್ನೆಲ್ಲ ವಿವರಿಸಿದ ಮೇಲೂ ಅವರು ಓವನ್ ಓಡುವಾಗ ಹೊರಗೆ ಬರುವುದನ್ನು ಬಿಟ್ಟಿಲ್ಲ. ಬರಲಿ, ತೊಂದರೆಯೇನಿಲ್ಲ. ಆದರೆ ಈಗ ಅವರ ಲೋಟದಲ್ಲಿ ಒಂದು ಮರದ ಕಡ್ಡಿ ಇರುತ್ತದೆ.