ಎಂಟನೆಯ ದಿನದ ರೋಗ: ಹಸುಗೂಸುಗಳ ಧನುರ್ವಾಯುವಿನ ಇತಿಹಾಸ

ಯುದ್ಧ, ಕ್ಷಾಮ, ಮಹಾಮಾರಿಗಳ ಇತಿಹಾಸವನ್ನು ಬರೆಯುವುದು ನಮಗೆಲ್ಲ ಅಭ್ಯಾಸವಾಗಿದೆ. ಪ್ಲೇಗು, ವಿಷೂಚಿಕೆ ಮೊದಲಾದ ರೋಗಗಳು ಊರಿಗೆ ಊರನ್ನೇ ಬರಿದುಮಾಡಿ, ಸರಕಾರದ ದಫ್ತರಗಳಲ್ಲಿ ತಮ್ಮ ಗುರುತನ್ನು ಬಿಟ್ಟುಹೋಗುತ್ತವೆ. ಆದರೆ ಬಾಣಂತಿಯ ಕೋಣೆಯೊಳಗೆ, ನೆರೆಮನೆಯವರ ಅರಿವಿಗೂ ಸರಿಯಾಗಿ ಬಾರದೆ, ಒಂದೊಂದಾಗಿ ಮುಗಿದುಹೋಗುವ ಸಾವುಗಳಿಗೆ ದಾಖಲೆ ಎಲ್ಲಿಂದ ಬರಬೇಕು? ನಾವು ಇಲ್ಲಿ ಪರಿಶೀಲಿಸಲು ಹೊರಟಿರುವುದು ಅಂತಹ ಒಂದು ರೋಗವನ್ನು. ಅದನ್ನು ಗುರುತಿಸುವುದು ಬಹು ಸುಲಭ, ತಡೆಯುವುದೂ ಕಷ್ಟವಲ್ಲ. ಹಾಗಿದ್ದೂ ಅದು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ವರ್ಷವರ್ಷವೂ ಲಕ್ಷಗಟ್ಟಲೆ ಶಿಶುಗಳನ್ನು ಕೊಂಡೊಯ್ಯುತ್ತಿದ್ದಿತು. ಈ ವೈಪರೀತ್ಯಕ್ಕೆ ಕಾರಣವನ್ನು ವೈದ್ಯಶಾಸ್ತ್ರದಲ್ಲಿ ಮಾತ್ರ ಹುಡುಕಿದರೆ ಸಾಲದು.

ರೋಗದ ಹೆಸರು ನಮಗೆ ಹೊಸದಲ್ಲ. ದೇಹವು ಬಿಲ್ಲಿನಂತೆ ಬಾಗುವ ವ್ಯಾಧಿಯನ್ನು ಸುಶ್ರುತಸಂಹಿತೆಯು ‘ಧನುಸ್ತಂಭ’ ಎಂದು ಕರೆದು, ವಾತವ್ಯಾಧಿಗಳ ಸಾಲಿಗೆ ಸೇರಿಸಿದೆ. ಕನ್ನಡದ ‘ಧನುರ್ವಾಯು’ ಎಂಬ ಮಾತು ಆ ಕಲ್ಪನೆಯ ಮುಂದುವರಿಕೆಯೇ. ಗ್ರೀಕರ ಹಿಪ್ಪೊಕ್ರೇಟಸನ ಹೆಸರಿನಲ್ಲಿರುವ ಗ್ರಂಥಗಳಲ್ಲಿಯೂ ಅದರ ವರ್ಣನೆಯುಂಟು. ಗಾಯಗೊಂಡ ದೊಡ್ಡವರಿಗೆ ಬರುವ ಈ ರೋಗವೇ ಹಸುಗೂಸಿಗೂ ಬರುತ್ತದೆ. ಹುಟ್ಟಿದ ಪ್ರತಿಯೊಂದು ಕೂಸಿಗೂ ಒಂದು ಗಾಯ ಇದ್ದೇ ಇರುತ್ತದಲ್ಲವೆ? ಕತ್ತರಿಸಿದ ಹೊಕ್ಕುಳಬಳ್ಳಿಯೇ ಆ ಗಾಯ.

ಅದರ ಲಕ್ಷಣಗಳನ್ನು ಅತ್ಯಂತ ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಕೆನೆತ್ ಮೆಕಾಲೆ ಎಂಬ ಪಾದ್ರಿಯೂ ಒಬ್ಬ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ನಿಂತಿರುವ ಸೇಂಟ್ ಕಿಲ್ಡಾ ದ್ವೀಪಕ್ಕೆ ಆತ 1758ರಲ್ಲಿ ಹೋಗಿದ್ದನು. ಅಲ್ಲಿಯ ಶಿಶುಗಳು ಹುಟ್ಟಿದ ನಾಲ್ಕನೆಯ ಅಥವಾ ಐದನೆಯ ದಿನ ಮೊಲೆಯುಣ್ಣುವುದನ್ನು ಬಿಡುತ್ತವೆ, ಏಳನೆಯ ದಿನ ಒಸಡುಗಳು ಕಚ್ಚಿಕೊಂಡು ಗಂಟಲೊಳಗೆ ಹನಿಯೂ ಇಳಿಯದಂತಾಗುತ್ತದೆ, ಆಮೇಲೆ ಸೆಳವು ಕಾಣಿಸಿಕೊಂಡು ಸಾಮಾನ್ಯವಾಗಿ ಎಂಟನೆಯ ದಿನ ಸಾಯುತ್ತವೆ ಎಂಬುದು ಆತನ ವರದಿಯ ಸಾರಾಂಶ. ದ್ವೀಪದವರು ಇದನ್ನು ‘ಎಂಟು ದಿನದ ಬೇನೆ’ ಎಂದೇ ಕರೆಯುತ್ತಿದ್ದರು.

ಇಂದಿನ ವೈದ್ಯರು ಅನುಸರಿಸುವ ರೋಗನಿರ್ಣಯದ ಸೂತ್ರವು ಈ ವರ್ಣನೆಗಿಂತ ಬಹಳ ದೂರವೇನೂ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನಿರೂಪಣೆಯಂತೆ, ಹುಟ್ಟಿದ ಮೊದಲ ಎರಡು ದಿನ ಸರಿಯಾಗಿ ಹಾಲು ಚೀಪುತ್ತ, ಅಳುತ್ತ ಇದ್ದ ಕೂಸು, ಮೂರರಿಂದ ಇಪ್ಪತ್ತೆಂಟು ದಿನಗಳೊಳಗೆ ಚೀಪಲಾರದೆ ಹೋಗಿ, ಮೈ ಸೆಟೆದುಕೊಂಡರೆ ಅಥವಾ ಸೆಳವಿಗೆ ಒಳಗಾದರೆ ಅದು ಧನುರ್ವಾಯುವೇ. ರಕ್ತಪರೀಕ್ಷೆಯಾಗಲಿ ಸೂಕ್ಷ್ಮದರ್ಶಕವಾಗಲಿ ಇಲ್ಲಿ ನಿರ್ಣಾಯಕವಲ್ಲ. ತಾಯಿಯನ್ನೂ ಅಜ್ಜಿಯನ್ನೂ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ‘ಮೊದಲು ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತೆ?’ ಹುಟ್ಟುವಾಗಲೇ ಉಸಿರುಗಟ್ಟಿ ನೊಂದ ಕೂಸು ಮೊದಲ ದಿನದಿಂದಲೇ ಚೀಪಲಾರದು; ರಕ್ತಕ್ಕೆ ನಂಜೇರಿದ ಕೂಸು ಬಹುಮಟ್ಟಿಗೆ ಸೆಟೆಯುವುದಕ್ಕೆ ಬದಲು ಸೋತು ಜೋತುಬೀಳುತ್ತದೆ. ಧನುರ್ವಾಯುವಿನ ಕೂಸಾದರೋ ಎಚ್ಚರದಲ್ಲಿದ್ದುಕೊಂಡೇ ಸೆಟೆಯುತ್ತದೆ. ಬೆಳಕು, ಸದ್ದು, ಕೈಯ ಸ್ಪರ್ಶ ಇವುಗಳಲ್ಲಿ ಯಾವುದು ತಾಕಿದರೂ ಸೆಳವು ಮರಳುತ್ತದೆ. ತಾಯಿಯು ಎತ್ತಿಕೊಂಡು ಸಮಾಧಾನಪಡಿಸಹೋದರೆ ಅದೇ ಹಿಂಸೆಯಾಗುವ ರೋಗವಿದು. (ಯಾವ ಕಾರಣದಿಂದಲೇ ಆಗಲಿ, ಹಾಲು ಬಿಟ್ಟ ಎಳೆಗೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.)

ನಿರ್ಣಯವು ಇಷ್ಟು ಸುಲಭವಾದರೂ ಅದರಿಂದ ದೊರೆಯುವ ಪ್ರಯೋಜನ ಅಲ್ಪ. ರೋಗ ಕಾಣಿಸಿಕೊಳ್ಳುವ ವೇಳೆಗೆ ವಿಷವು ನರಗಳನ್ನು ಸೇರಿರುತ್ತದೆ. ಹಾಗೆ ಅಂಟಿಕೊಂಡ ವಿಷವನ್ನು ಯಾವ ಮದ್ದೂ ಬಿಡಿಸಲಾರದು. ಪ್ರತಿವಿಷವನ್ನು ಕೊಡುವುದು, ಸೆಳವನ್ನು ತಗ್ಗಿಸುವುದು, ಕತ್ತಲೆಯ ನಿಶ್ಶಬ್ದವಾದ ಕೋಣೆಯಲ್ಲಿಟ್ಟು ನಳಿಕೆಯ ಮೂಲಕ ಹಾಲುಣಿಸುವುದು, ಅಗತ್ಯವಾದರೆ ಉಸಿರಾಟದ ಯಂತ್ರ, ಇವೆಲ್ಲ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಕೂಸುಗಳು ಉಳಿಯುತ್ತವೆ. ಇವಾವುವೂ ಇಲ್ಲದ ಕಡೆ ಉಳಿಯುವುದು ಅಪರೂಪ. ಆದುದರಿಂದ ಈ ರೋಗದ ಚರಿತ್ರೆಯೆಂದರೆ ಚಿಕಿತ್ಸೆಯ ಚರಿತ್ರೆಯಲ್ಲ, ನಿವಾರಣೆಯ ಚರಿತ್ರೆ.

ಆ ನಿವಾರಣೆಯು ಕಾರಣವನ್ನು ತಿಳಿಯುವುದಕ್ಕೆ ಮೊದಲೇ ಆರಂಭವಾಯಿತೆಂಬುದು ಗಮನಾರ್ಹವಾದ ಸಂಗತಿ. ಡಬ್ಲಿನ್ ನಗರದ ಹೆರಿಗೆ ಆಸ್ಪತ್ರೆಯ ಲೆಕ್ಕವನ್ನು ನೋಡೋಣ. 1782ರ ಕೊನೆಯವರೆಗೆ ಅಲ್ಲಿ ಜೀವಸಹಿತ ಹುಟ್ಟಿದ 17,650 ಶಿಶುಗಳಲ್ಲಿ 2,944 ಶಿಶುಗಳು ಮೊದಲ ಎರಡು ವಾರಗಳೊಳಗೆ ಸತ್ತಿದ್ದವು. ಎಂದರೆ ಸುಮಾರು ಆರರಲ್ಲಿ ಒಂದು. ಬಹುಪಾಲು ಸಾವುಗಳಿಗೆ ‘ಒಂಬತ್ತು ದಿನದ ಸೆಳವು’ ಕಾರಣವೆಂದು ಅಲ್ಲಿಯ ವೈದ್ಯ ಜೋಸೆಫ್ ಕ್ಲಾರ್ಕ್ ತಿಳಿದನು. ಕೆಟ್ಟ ಗಾಳಿಯೇ ಇದಕ್ಕೆ ಮೂಲವೆಂದು ಬಗೆದು, ಚಾವಣಿಯಲ್ಲಿಯೂ ಕಿಟಕಿಗಳಲ್ಲಿಯೂ ರಂಧ್ರಗಳನ್ನು ಮಾಡಿಸಿ ಗಾಳಿಯಾಡುವಂತೆ ಏರ್ಪಡಿಸಿದನು. ಮರಣದ ಪ್ರಮಾಣವು ಹತ್ತೊಂಬತ್ತು ಇಪ್ಪತ್ತರಲ್ಲಿ ಒಂದಕ್ಕೆ ಇಳಿಯಿತು! ಕ್ಲಾರ್ಕನ ಸಿದ್ಧಾಂತ ತಪ್ಪು. ಆತನ ಎಣಿಕೆ ಮಾತ್ರ ಸರಿ. ಕೊಠಡಿಗಳ ಇಕ್ಕಟ್ಟೂ ಕೊಳೆಯೂ ಜೊತೆಯಲ್ಲಿಯೇ ಕಡಮೆಯಾಗಿರಬಹುದೆಂದು ನಾವು ಊಹಿಸಬಹುದು. ಹಾಗೆಯೇ ಐಸ್‌ಲೆಂಡಿನ ದಕ್ಷಿಣಕ್ಕಿರುವ ವೆಸ್ಟ್‌ಮನ್ ದ್ವೀಪಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ರೋಗಕ್ಕೆ ಬಲಿಯಾಗುತ್ತಿರಲು, 1847ರಲ್ಲಿ ಡೆನ್ಮಾರ್ಕಿನ ಸರಕಾರವು ಷ್ಲೈಸ್ನರ್ ಎಂಬ ವೈದ್ಯನನ್ನು ಕಳುಹಿಸಿತು. ಆತನು ಒಂದು ಹೆರಿಗೆಮನೆಯನ್ನು ತೆರೆದು, ಹೊಕ್ಕುಳಿಗೆ ಕೊಪೈಬಾ ಎಂಬ ಮರದ ಅಂಟೆಣ್ಣೆಯನ್ನು ಹಚ್ಚಿಸಿದನು. ಸಾವುಗಳು ತೀವ್ರವಾಗಿ ಇಳಿದವು. ಸೂಕ್ಷ್ಮಜೀವಿಯ ಹೆಸರನ್ನು ಆಗ ಯಾರೂ ಕೇಳಿರಲಿಲ್ಲ.

ಸೇಂಟ್ ಕಿಲ್ಡಾ ಇದಕ್ಕಾಗಿ ಇನ್ನೂ ಬಹುಕಾಲ ಕಾಯಬೇಕಾಯಿತು. 1889ರಲ್ಲಿ ಅಲ್ಲಿಗೆ ಬಂದ ಆಂಗಸ್ ಫಿಡ್ಡೆಸ್ ಎಂಬ ಪಾದ್ರಿಯು ರೋಗವನ್ನು ದೈವೇಚ್ಛೆಯೆಂದು ಸುಮ್ಮನಿರದೆ, ಗ್ಲಾಸ್ಗೊ ನಗರಕ್ಕೆ ಹೋಗಿ ನಂಜುನಿವಾರಕ ವಿಧಾನದ ಹೆರಿಗೆಯನ್ನು ಕಲಿತು ಬಂದನು. ಲಿಸ್ಟರನು ಕಾರ್ಬಾಲಿಕ್ ಆಮ್ಲವನ್ನು ಗಾಯಗಳಿಗೆ ಬಳಸಿ ತೋರಿಸಿದ್ದು ಅದೇ ಊರಿನಲ್ಲಿ, 1865ರಲ್ಲಿ. ಅಲ್ಲಿಂದ ಈ ದ್ವೀಪಕ್ಕೆ ಆ ತಿಳಿವಳಿಕೆ ತಲುಪಲು ಕಾಲು ಶತಮಾನ ಹಿಡಿಯಿತು. ‘ಮೊಣಕಾಲಿನ ಹೆಂಗಸು’ ಎಂದು ಅಲ್ಲಿಯ ಗೇಲಿಕ್ ನುಡಿಯಲ್ಲಿ ಕರೆಯುವ ಸೂಲಗಿತ್ತಿಯ ವಿರೋಧವನ್ನು ಗೆದ್ದು ಆತನು ತನ್ನ ಕ್ರಮವನ್ನು ಜಾರಿಗೆ ತಂದ ಮೇಲೆ ರೋಗವು ನಿಂತುಹೋಯಿತು.

ಈ ನಡುವೆ ಪ್ರಯೋಗಶಾಲೆಗಳು ಕಾರಣವನ್ನು ಕಂಡುಹಿಡಿದಿದ್ದವು. 1884ರಲ್ಲಿ ಇಟಲಿಯ ಕಾರ್ಲೆ ಮತ್ತು ರಟ್ಟೋನೆ ಎಂಬವರು ರೋಗಿಯಿಂದ ಮೊಲಗಳಿಗೆ ರೋಗವನ್ನು ದಾಟಿಸಿ ತೋರಿಸಿದರು. ಅದೇ ವರ್ಷ ಜರ್ಮನಿಯ ನಿಕೊಲೈಯರನು ಬರಿಯ ಮಣ್ಣಿನಿಂದಲೇ ಪ್ರಾಣಿಗಳಲ್ಲಿ ರೋಗವನ್ನುಂಟುಮಾಡಿದನು. 1889ರಲ್ಲಿ ಬರ್ಲಿನ್ನಿನ ಕೋಖನ ಪ್ರಯೋಗಶಾಲೆಯಲ್ಲಿದ್ದ ಜಪಾನಿನ ಕಿಟಸಾಟೊ, ಆಮ್ಲಜನಕವಿಲ್ಲದೆಡೆಯಲ್ಲಿ ಮಾತ್ರ ಬೆಳೆಯುವ ಆ ದಂಡಾಣುವನ್ನು ಶುದ್ಧರೂಪದಲ್ಲಿ ಬೆಳೆಸಿದನು. ಮರುವರ್ಷ ಬೆಹ್ರಿಂಗ್ ಮತ್ತು ಆತ ಸೇರಿ ಪ್ರತಿವಿಷವನ್ನು ಕಂಡುಕೊಂಡರು. ದಂಡಾಣುವಿನ ಬೀಜಾಣುಗಳು ಮಣ್ಣಿನಲ್ಲಿಯೂ ದನಕುದುರೆಗಳ ಸಗಣಿ ಲದ್ದಿಗಳಲ್ಲಿಯೂ ವರ್ಷಗಟ್ಟಲೆ ಬದುಕಿರುತ್ತವೆ. ಕುಡುಗೋಲಿನಿಂದಲೋ ಬಿದಿರಿನ ಸಿಬರಿನಿಂದಲೋ ಬಳ್ಳಿಯನ್ನು ಕೊಯ್ದು, ಅದಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದ ಪದ್ಧತಿಯಿಂದ ಏನಾಗುತ್ತಿದ್ದಿತೆಂಬುದು ಈಗ ವಿಶದವಾಗುತ್ತದೆ.

ಮುಂದಿನ ಹೆಜ್ಜೆಯು ನಮಗೆ ಬಹಳ ಮುಖ್ಯವೆಂದು ತೋರುತ್ತದೆ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ತೋ ರಾಮೋನನು ವಿಷವನ್ನು ಫಾರ್ಮಲಿನ್ ಮತ್ತು ಶಾಖದಿಂದ ಸೌಮ್ಯಗೊಳಿಸಿ ಲಸಿಕೆಯಾಗಿ ಮಾರ್ಪಡಿಸಿದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರೆಲ್ಲರಿಗೂ ಇದನ್ನು ಹಾಕಿದರು. ಗಾಯಗೊಂಡು ಆಸ್ಪತ್ರೆ ಸೇರಿದ 27 ಲಕ್ಷಕ್ಕೂ ಮಿಕ್ಕ ಪ್ರಕರಣಗಳಲ್ಲಿ ಧನುರ್ವಾಯು ಕಂಡದ್ದು ಕೇವಲ 12. ಸೈನಿಕನಿಗೆ ಒದಗಿದ ಈ ರಕ್ಷೆಯು ತಾಯಿಯ ಮೂಲಕ ಕೂಸಿಗೂ ಒದಗುವುದೆಂದು ನಿಶ್ಚಯವಾದದ್ದು ಯಾವಾಗ? ಷೋಫೀಲ್ಡ್ ಮತ್ತು ಸಂಗಡಿಗರು ನ್ಯೂಗಿನಿ ದ್ವೀಪದ ಗರ್ಭಿಣಿಯರಲ್ಲಿ ಮಾಡಿದ ಪರೀಕ್ಷೆಯ ಫಲ ಪ್ರಕಟವಾದದ್ದು 1961ರಲ್ಲಿ. ಕೊಲಂಬಿಯಾದಲ್ಲಿ ನ್ಯೂವೆಲ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲ 1966ರಲ್ಲಿ. ಎರಡು ಮೂರು ಸಲ ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಅಲ್ಲಿ ಒಂದೂ ಈ ರೋಗದಿಂದ ಸಾಯಲಿಲ್ಲ. ಹೀಗೆ ಯುದ್ಧರಂಗದಿಂದ ಬಾಣಂತಿಯ ಕೋಣೆಗೆ ಬರಲು ಲಸಿಕೆಗೆ ಇಪ್ಪತ್ತು ವರ್ಷ ಬೇಕಾಯಿತು. ಈ ವಿಳಂಬಕ್ಕೆ ವಿಜ್ಞಾನದ ಕೊರತೆಯನ್ನು ಕಾರಣವಾಗಿ ಹೇಳುವುದು ನ್ಯಾಯವಾಗದು. ಸೈನಿಕನ ಹೆಸರು ಪಟ್ಟಿಯಲ್ಲಿ ಇದ್ದಿತು. ಕೂಸಿನ ಹೆಸರು ಇರಲಿಲ್ಲ.

ತಾಯಿಗೆ ಹಾಕಿದ ಲಸಿಕೆ ಕೂಸನ್ನು ಕಾಯುವ ಬಗೆ ಹೀಗೆ: ಆಕೆಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಮಾಸುವಿನ ಮೂಲಕ ಗರ್ಭದ ಶಿಶುವಿಗೆ ಹರಿದು, ಹುಟ್ಟಿದ ಮೊದಲ ವಾರಗಳಲ್ಲಿ ಜೊತೆಗಿರುತ್ತವೆ. ಮೊದಲ ಲಸಿಕೆಯಾದ ನಾಲ್ಕು ವಾರಗಳಿಗೆ ಎರಡನೆಯದು, ಅದೂ ಹೆರಿಗೆಗೆ ಎರಡು ವಾರವಾದರೂ ಮುಂಚೆ ಆಗಬೇಕೆಂಬ ನಿಯಮಕ್ಕೆ ಅರ್ಥ ಇದೇ. ಇದರ ಜೊತೆಗೆ ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಅಲಗು, ಶುಚಿಯಾದ ದಾರ, ಏನನ್ನೂ ಮೆತ್ತದ ಹೊಕ್ಕುಳು ಎಂಬ ಪಂಚಶುಚಿಗಳು.

ನಮ್ಮ ದೇಶದ ಮಾತಿಗೆ ಬಂದರೆ, 1885ರ ಲೇಡಿ ಡಫರಿನ್ ನಿಧಿಯಿಂದ ಹಿಡಿದು ಸೂಲಗಿತ್ತಿಯರಿಗೆ ತರಬೇತಿ ಕೊಡಲು ಲೇಡಿ ಕರ್ಜನ್ ಸ್ಥಾಪಿಸಿದ ವಿಕ್ಟೋರಿಯಾ ಸ್ಮಾರಕ ನಿಧಿಯವರೆಗೆ ಪ್ರಯತ್ನಗಳು ನಡೆದವು. ಆ ನಿಧಿಯ 1918ರ ವರದಿಯು ಸೂಲಗಿತ್ತಿಯನ್ನು ಅಜ್ಞಾನದ ಮೂರ್ತಿಯಾಗಿ ಚಿತ್ರಿಸಿತು. 1927ರಲ್ಲಿ ಕ್ಯಾಥರಿನ್ ಮೇಯೊ ಆ ಚಿತ್ರವನ್ನೇ ಹಿಡಿದು ದೇಶವನ್ನು ಜರೆದಳು. ಡಬ್ಲಿನ್ನಿನಲ್ಲಿ ಸ್ವತಃ ವೈದ್ಯರ ಕೈಯಲ್ಲಿ ಆರಕ್ಕೊಂದು ಕೂಸು ಸತ್ತಿತೆಂಬುದನ್ನು ಇಂತಹವರು ನೆನೆಯುವುದಿಲ್ಲ. ಸೂಲಗಿತ್ತಿಯ ಕೈಗೆ ಬೇಕಾಗಿದ್ದುದು ಸಾಬೂನು, ಕುದಿಸಿದ ದಾರ, ಹೊಸ ಅಲಗು, ಬೈಗುಳವಲ್ಲ. ಪಾವಗಡ ಸೀಮೆಯಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರನ್ನು ಕಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

1978ರಲ್ಲಿ ಆರಂಭವಾದ ಲಸಿಕಾ ಕಾರ್ಯಕ್ರಮವೂ 1985ರ ಸಾರ್ವತ್ರಿಕ ಕಾರ್ಯಕ್ರಮವೂ ಗರ್ಭಿಣಿಯರನ್ನು ಒಳಗೊಂಡವು. 1980ರ ದಶಕದ ಆರಂಭದಲ್ಲಿ ಮನೆಮನೆಗೂ ಹೋಗಿ ಸಮೀಕ್ಷೆ ಮಾಡಿದಾಗಲೇ ರೋಗದ ನಿಜವಾದ ಅಗಾಧತೆ ಹೊರಬಿದ್ದುದು. ಭಾರತದಲ್ಲಿ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ, ಜಗತ್ತಿನಲ್ಲಿ 1988ರಲ್ಲಿ 7,87,000 ಶಿಶುಗಳು ಎಂಬವು ಅನಂತರದ ಅಂದಾಜುಗಳು. 2018ರ ವೇಳೆಗೆ ಜಗತ್ತಿನ ಅಂದಾಜು 25,000ಕ್ಕೆ ಇಳಿದಿದ್ದಿತು. 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು. ‘ನಿವಾರಣೆ’ ಎಂದರೆ ಪ್ರತಿಯೊಂದು ಜಿಲ್ಲೆಯಲ್ಲಿಯೂ ವರ್ಷಕ್ಕೆ ಸಾವಿರ ಜೀವಂತ ಜನನಗಳಿಗೆ ಒಂದಕ್ಕಿಂತ ಕಡಮೆ ಪ್ರಕರಣ ಎಂದಷ್ಟೇ ಅರ್ಥ. ಸಿಡುಬಿನಂತೆ ಇದನ್ನು ಬೇರುಸಹಿತ ಕಿತ್ತೊಗೆಯಲಾಗದು, ಬೀಜಾಣುವು ಮಣ್ಣಿನಲ್ಲಿದೆ. ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗವೂ ಇದಲ್ಲವಾದುದರಿಂದ, ನೆರೆಯವರೆಲ್ಲ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ತಾಯಿಯ ಕೂಸಿಗೆ ಅದರಿಂದ ರಕ್ಷೆಯಿಲ್ಲ.

ಕೊನೆಯದಾಗಿ, ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗಾಗಿ ದಾಖಲೆಗಳ ವಿಷಯವಾಗಿ ಒಂದೆರಡು ಮಾತು. ನಾಮಕರಣವು ರೂಢಿಯಲ್ಲಿ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ಈ ರೋಗದ ಸಾವು ಬಹುಮಟ್ಟಿಗೆ ಅದಕ್ಕೂ ಮೊದಲು. ಕೂಸಿನ ಹಣೆಬರಹವನ್ನು ಬರೆಯಲು ಷಷ್ಠೀದೇವಿ ಬರುವಳೆಂದು ನಂಬಿ, ಮನೆಮಂದಿ ಎಚ್ಚರವಾಗಿರುತ್ತಿದ್ದ ಆರನೆಯ ರಾತ್ರಿಯೂ ಇದೇ ಅಪಾಯದ ವಾರದೊಳಗೆ ಬೀಳುತ್ತದೆ; ನಂಬಿಕೆಗೂ ರೋಗಕ್ಕೂ ಸಂಬಂಧವನ್ನು ಸಾಧಿಸಲು ಹೋಗುವುದಿಲ್ಲವಾದರೂ, ಆ ವಾರದ ಭಯ ನಿರಾಧಾರವಾಗಿರಲಿಲ್ಲ. ಜನನ ಮರಣಗಳ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯಗೊಳಿಸಿದ ಶಾಸನವು ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಪುರಸಭೆಗಳ ಮರಣಪುಸ್ತಕಗಳಲ್ಲಿ ‘ಸೆಳವು’, ‘ಬಾಲಗ್ರಹ’, ‘ಅಶಕ್ತತೆ’ ಎಂಬ ಮಾತುಗಳ ಹಿಂದೆ ಧನುರ್ವಾಯು ಅಡಗಿರುವುದು ಸಾಧ್ಯ. ಕಾರಣದ ಅಂಕಣವನ್ನು ನಂಬಿ ಕೂಡದೆ, ವಯಸ್ಸಿನ ಅಂಕಣವನ್ನು ದಿನಗಳ ಲೆಕ್ಕದಲ್ಲಿ ಓದಬೇಕು. ದುರ್ಬಲವಾಗಿ ಹುಟ್ಟಿದ ಕೂಸುಗಳ ಸಾವು ಮೊದಲ ಎರಡು ಮೂರು ದಿನಗಳಲ್ಲಿ ಗುಂಪಾಗಿ, ಮುಂದೆ ಇಳಿಯುತ್ತ ಹೋಗುತ್ತದೆ. ಯಾವ ಪುಸ್ತಕದಲ್ಲಿ ಆ ಇಳಿತದ ಬಳಿಕ ಐದರಿಂದ ಹತ್ತನೆಯ ದಿನದೊಳಗೆ ಸಂಖ್ಯೆಯು ಮತ್ತೆ ಏರುವುದೋ, ಆ ಊರಿನ ಅಲಗು, ದಾರ, ಬೂದಿಗಳ ವಿಚಾರವನ್ನು ಅಲ್ಲಿಂದ ಪ್ರಾರಂಭಿಸಬಹುದು.