ತಾಲ್ಲೂಕಿನ ಗೆರೆ ಬೇರೆ, ತೆರಿಗೆಯ ಗೆರೆ ಬೇರೆ

ಮಲಪ್ರಭೆಯ ದಂಡೆಯ ಹೊಳೆಆಲೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಊರು. ಆದರೆ ಅಲ್ಲಿಯವರು ಶಾಸಕರನ್ನು ಆರಿಸುವುದು ನರಗುಂದ ಕ್ಷೇತ್ರದಿಂದ, ಸಂಸದರನ್ನು ಬಾಗಲಕೋಟೆಯಿಂದ. ಅದೇ ತಾಲ್ಲೂಕಿನ ರೋಣ ಪಟ್ಟಣದ ಲೋಕಸಭಾ ಕ್ಷೇತ್ರ ಹಾವೇರಿ! ಒಂದೇ ನೆಲದ ಮೇಲೆ ಇಷ್ಟು ಗೆರೆ ಹಾಯ್ದಿರುವಾಗ, ಗಡಿ ತಕರಾರು ಎದ್ದರೆ ಮೊದಲು ಕೇಳಬೇಕಾದ್ದು ಒಂದೇ: ಯಾವ ಗಡಿ?

ತಾಲ್ಲೂಕು, ಜಿಲ್ಲೆಗಳ ಗಡಿಯನ್ನು ಸರ್ಕಾರ ಬದಲಿಸುವುದು 1964ರ ಭೂಕಂದಾಯ ಕಾಯ್ದೆಯಡಿ. 1997ರಲ್ಲಿ ಧಾರವಾಡದಿಂದ ಗದಗ ಒಡೆದದ್ದು, 2018ರಲ್ಲಿ ರೋಣದಿಂದ ಗಜೇಂದ್ರಗಡ ಬೇರೆಯಾದದ್ದು ಈ ಬಗೆಯವು. ನರೇಗಲ್ಲು, ಸೂಡಿ ಆಗ ಹೊಸ ತಾಲ್ಲೂಕಿಗೆ ಸೇರಿದವು. ಇದರಿಂದ ಬದಲಾಗುವುದು ತಹಶೀಲ್ದಾರರ ಕಚೇರಿ, ಉತಾರದ ಮೇಲಿನ ತಾಲ್ಲೂಕಿನ ಹೆಸರು, ಅರ್ಜಿ ಹಿಡಿದು ಹತ್ತುವ ಬಸ್ಸು. ಮನೆ ತೆರಿಗೆ ಮೊದಲು ಯಾರಿಗೆ ಕಟ್ಟುತ್ತಿದ್ದಿರೋ ಅವರಿಗೇ.

ತೆರಿಗೆಯ ಜಗಳ ಹುಟ್ಟುವುದು ಪುರಸಭೆಯ ಗಡಿ ಹಿಗ್ಗಿದಾಗ. ಪಟ್ಟಣದ ಅಂಚಿನ ಹೊಲ ಲೇಔಟ್ ಆಗುತ್ತದೆ, ಡಾಬಾ ಏಳುತ್ತದೆ, ಕಲ್ಯಾಣ ಮಂಟಪ ಬರುತ್ತದೆ. ಜಾಗ ಗ್ರಾಮ ಪಂಚಾಯಿತಿಯದಾದರೆ ಕಟ್ಟಡ ತೆರಿಗೆ ಅದಕ್ಕೆ, ಪುರಸಭೆಗೆ ಸೇರಿದರೆ ಆಸ್ತಿ ತೆರಿಗೆಯೂ ವ್ಯಾಪಾರ ಪರವಾನಗಿ ಶುಲ್ಕವೂ ಪುರಸಭೆಗೆ. ಕೈಯಲ್ಲಿರುವ ಪಂಚಾಯಿತಿಯ ಇ-ಸ್ವತ್ತು ದಾಖಲೆಯ ಬದಲಿಗೆ ಪುರಸಭೆಯ ಖಾತಾ ಬರುತ್ತದೆ. ನೀರು, ಚರಂಡಿಯ ಆಸೆಗೆ ಒಪ್ಪುವವರಿದ್ದಾರೆ. ಕೂಲಿ ನಂಬಿದವರು ಒಪ್ಪುವುದಿಲ್ಲ. ಏಕೆಂದರೆ ಗ್ರಾಮೀಣ ಉದ್ಯೋಗ ಖಾತ್ರಿ ಪುರಸಭೆಯೊಳಗೆ ನಡೆಯದು. ಈ ವಿರೋಧವನ್ನು ಹಳ್ಳಿಯವರ ಹಠವೆಂದು ತಳ್ಳಿಹಾಕುವುದು ನನಗೆ ಸರಿ ಕಾಣದು.

ಗಡಿ ಹಿಗ್ಗಿಸುವುದು ಪುರಸಭೆಯ ಠರಾವಿನಿಂದಲೇ ಮುಗಿಯುವ ಕೆಲಸವಲ್ಲ. ಪೌರಸಭೆಗಳ ಕಾಯ್ದೆ ಜನಸಂಖ್ಯೆ, ಜನದಟ್ಟಣೆ, ಒಕ್ಕಲುತನ ಬಿಟ್ಟು ಬೇರೆ ದುಡಿಮೆ ಮಾಡುವವರ ಪ್ರಮಾಣ ಇವನ್ನೆಲ್ಲ ನೋಡುತ್ತದೆ. 20 ಸಾವಿರದಿಂದ 50 ಸಾವಿರ ಜನರಿದ್ದರೆ ಪುರಸಭೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ಪುರಸಭೆಗಳೇ. ನರೇಗಲ್ಲಿನದು ಪಟ್ಟಣ ಪಂಚಾಯಿತಿ. ಸರ್ಕಾರ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಿದ ಮೇಲೆಯೇ ಅಂತಿಮ ಆದೇಶ.

ಇನ್ನು ಪ್ರವಾಸಿಗರ ದುಡ್ಡು ಯಾರಿಗೆ ಸೇರುತ್ತದೆ ಎಂಬ ಮಾತು. ಗಜೇಂದ್ರಗಡದ ಕೋಟೆ, ಕಾಲಕಾಲೇಶ್ವರ, ಸೂಡಿಯ ಜೋಡು ಕಳಸದ ಗುಡಿ ಎಂದೆಲ್ಲ ಪಟ್ಟಿ ಮಾಡಿ, 'ಪ್ರವಾಸೋದ್ಯಮ ಬೆಳೆದರೆ ಊರಿಗೆ ಆದಾಯ' ಎಂದು ಭಾಷಣ ಮಾಡುವವರು ಲೆಕ್ಕ ಬಿಡಿಸಿ ಹೇಳುವುದು ಕಡಿಮೆ. ಲಾಡ್ಜಿನ ಮೇಲಿನ ವಿಲಾಸ ತೆರಿಗೆ ಹಿಂದೆಯೂ ಊರಿನದಾಗಿರಲಿಲ್ಲ, ರಾಜ್ಯದ್ದು. 2017ರ ಜುಲೈನಲ್ಲಿ ಅದು ಜಿಎಸ್‌ಟಿಯೊಳಗೆ ಕರಗಿತು, ಈಗ ಆ ತೆರಿಗೆಯನ್ನು ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ಪುರಾತತ್ವ ಸರ್ವೇಕ್ಷಣೆ ಟಿಕೆಟ್ ಮಾರುವ ಕಡೆ ಆ ಹಣ ಕೇಂದ್ರಕ್ಕೆ. ಮುಜರಾಯಿ ಗುಡಿಯ ಹುಂಡಿ ಗುಡಿಯ ಖಾತೆಗೆ. ಸ್ಥಳೀಯ ಸಂಸ್ಥೆಗೆ ದಕ್ಕುವುದು ಲಾಡ್ಜು, ಹೋಟೆಲ್ಲುಗಳ ಕಟ್ಟಡ ತೆರಿಗೆ, ತನ್ನ ಮಳಿಗೆಗಳ ಬಾಡಿಗೆ, ತನ್ನ ಜಾಗದಲ್ಲಿ ಪಾರ್ಕಿಂಗ್ ಹರಾಜು. ಹಾಗಾಗಿ ಜನ ಬಂದು ಫೋಟೊ ಹೊಡೆದುಕೊಂಡು ಹೋಗುವ ಊರಿಗಿಂತ, ಅವರು ರಾತ್ರಿ ಉಳಿಯುವ ಊರಿಗೆ ಲಾಭ ಹೆಚ್ಚು.

ಪುರಸಭೆಯ ಗಡಿ ಹಿಗ್ಗಿಸುವ ಕರಡು ಬಂದರೆ ಊರಿನ ಹೆಸರನ್ನಷ್ಟೇ ನೋಡಬೇಡಿ, ನಿಮ್ಮ ಸರ್ವೆ ನಂಬರು ಹುಡುಕಿ. ಒಂದೇ ಊರಿನ ಕೆಲವು ನಂಬರುಗಳಷ್ಟೇ ಸೇರಿರಬಹುದು. ಆಕ್ಷೇಪಣೆಯನ್ನು ಗಡುವಿನೊಳಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯ ಠರಾವಿನ ಪ್ರತಿಯನ್ನೂ ಜೊತೆಗಿಡಿ.