ವಿಜಯಪುರದಿಂದ ಶ್ರೀ ವಿಜಯಪುರಂಗೆ

ನಮ್ಮ ಜಿಲ್ಲೆ ವಿಜಯಪುರ. ಅಂಡಮಾನಿನ ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಇಟ್ಟ ಹೊಸ ಹೆಸರು ಶ್ರೀ ವಿಜಯಪುರಂ. ಹೆಸರಲ್ಲಿ ಇಷ್ಟು ನಂಟಿದ್ದರೂ ನಡುವೆ ಇಡೀ ಬಂಗಾಳ ಕೊಲ್ಲಿಯೇ ಇದೆ. ಯಂಕಂಚಿಯಿಂದ ಹೊರಟ ನಾವು ಮೂವರು ಗೆಳೆಯರು ವಿಮಾನ ಬಿಟ್ಟು ಹಡಗಿನಲ್ಲೇ ಹೋಗಲು ನಿರ್ಧರಿಸಿದ್ದೆವು. ಕರಿನೀರಿನ ಶಿಕ್ಷೆಗೆ ಒಳಗಾದವರು ದಾಟಿದ ಸಮುದ್ರ ಹೇಗಿರುತ್ತದೆಂದು ನೋಡುವ ಆಸೆ.

‘ಎಲ್ಲಾರೂ ತಪ್ಪಿಸ್ಕೊಂಡು ಬರಾಕ ನೋಡ್ತಿದ್ರು, ನೀವು ರೊಕ್ಕಾ ಕೊಟ್ಟು ಹೊಂಟೀರಲ್ಲೋ!’ ಎಂದು ಮುತ್ಯಾ ನಕ್ಕಿದ್ದ.

ಸಿಂದಗಿಯಿಂದ ಕಲಬುರಗಿಗೆ ಬಸ್ಸು, ಅಲ್ಲಿಂದ ಚೆನ್ನೈಗೆ ರೈಲು, ಆಮೇಲೆ ಹಡಗು. ಸುಮಾರು 1,200 ಕಿ.ಮೀ. ಸಮುದ್ರಯಾನ, ಮೂರು ದಿನ. ಮೊದಲ ದಿನವೇ ಹೊಟ್ಟೆ ತೊಳಸಿ, ಕಟ್ಟಿಕೊಂಡು ಹೋಗಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟಿನಲ್ಲೇ ಉಳಿದವು. ಎರಡನೇ ದಿನ ಡೆಕ್ ಮೇಲೆ ನಿಂತರೆ ಸುತ್ತಲೂ ನೀರು. ಬ್ಯಾಸಿಗಿಯಲ್ಲಿ ಕೊಡ ಹಿಡಿದು ಪಾಳಿಯಲ್ಲಿ ನಿಂತು ಬೆಳೆದ ನಮಗೆ ಅಷ್ಟೊಂದು ನೀರು ಕಂಡು ಖುಷಿಗಿಂತ ಭಯವೇ ಆಯಿತು.

1857ರಲ್ಲಿ ನಮ್ಮ ನೆರೆಯ ಮುಧೋಳ ಸೀಮೆಯ ಹಲಗಲಿ ಬೇಡರು ಆಯುಧ ಒಪ್ಪಿಸಲು ಒಪ್ಪದೆ ಗಲ್ಲಿಗೇರಿದ ಕಥೆ ಗೊತ್ತೇ ಇದೆ. ಅದೇ ವರ್ಷದ ದಂಗೆಯಲ್ಲಿ ಉತ್ತರ ಭಾರತದಲ್ಲಿ ಸೆರೆಸಿಕ್ಕವರನ್ನು ದೂರ ಸಾಗಿಸಲು ಬ್ರಿಟಿಷರು ಆರಿಸಿದ್ದು ಈ ದ್ವೀಪಗಳನ್ನು. 1858ರ ಮಾರ್ಚ್ 10ರಂದು ಸುಮಾರು 200 ಕೈದಿಗಳ ಮೊದಲ ತಂಡ ಇಲ್ಲಿಗೆ ಬಂತು. ಆಗ ಸೆಲ್ಯುಲಾರ್ ಜೈಲು ಇರಲಿಲ್ಲ. 1896ರಿಂದ 1906ರವರೆಗೆ ಅದನ್ನು ಕಟ್ಟಲು ದುಡಿದವರೂ ಕೈದಿಗಳೇ.

ನಡುವೆ ಒಂದು ಗೋಪುರ, ಅದರಿಂದ ಚಕ್ಕಡಿ ಗಾಲಿಯ ಅರಗಳಂತೆ ಚಾಚಿದ ಏಳು ಸಾಲು. ಈಗ ಉಳಿದಿರುವುದು ಮೂರೇ. ಒಂದು ಸಾಲಿನ ಮುಖಕ್ಕೆ ಇನ್ನೊಂದರ ಬೆನ್ನು. ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡುವಂತಿರಲಿಲ್ಲ. 690ಕ್ಕೂ ಹೆಚ್ಚು ಕೋಣೆಗಳು, ಒಂದೊಂದರಲ್ಲಿ ಒಬ್ಬನೇ. ಬಾಗಿಲ ಚಿಲಕ ಹೊರಗೋಡೆಯ ಗೂಡಿನೊಳಗೆ, ಒಳಗಿನವನ ಕೈಗೆ ಎಟುಕದಷ್ಟು ದೂರದಲ್ಲಿದೆ. ನಾನೂ ಕೈ ಚಾಚಿ ನೋಡಿದೆ. ಎಟುಕಲಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಗಾಣ. ನಮ್ಮ ಕಡೆ ಕುಸುಬಿ ಎಣ್ಣೆಗೆ ಗಾಣ ತಿರುಗಿಸುತ್ತಿದ್ದುದು ಎತ್ತು. ಮಧ್ಯಾಹ್ನ ಅದಕ್ಕೂ ಕೊಳ್ಳ ಹರಿದು ನೀರು, ಮೇವು ಕೊಡುತ್ತಿದ್ದರೆಂದು ಮುತ್ಯಾ ಹೇಳುತ್ತಿರುತ್ತಾನೆ. ಇಲ್ಲಿ ಎತ್ತಿನ ಜಾಗದಲ್ಲಿ ಮನುಷ್ಯ. ದಿನಕ್ಕೆ 30 ಪೌಂಡ್, ಅಂದರೆ ಸುಮಾರು 13.6 ಕಿಲೋ ಕೊಬ್ಬರಿ ಎಣ್ಣೆ ತೆಗೆಯಲೇಬೇಕು, ಕಡಿಮೆಯಾದರೆ ಶಿಕ್ಷೆ. 1933ರಲ್ಲಿ ಕೈದಿಗಳು ಉಪವಾಸ ಕುಳಿತಾಗ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಾಮದಾಸ್, ಮೋಹಿತ್ ಮೊಯಿತ್ರಾ ಪ್ರಾಣ ಕೊಟ್ಟರು. ಕೇಳಿದ್ದು ರಾಜ್ಯವನ್ನಲ್ಲ, ಮನುಷ್ಯರಂತೆ ನಡೆಸಿಕೊಳ್ಳಿ ಎಂದಷ್ಟೇ.

ಜೈಲಿನಿಂದ ಮರಳುವಾಗ ಆಟೊ ಓಡಿಸಿದವರು ತಾವು ‘ಲೋಕಲ್ ಬಾರ್ನ್’ ಎಂದರು. ಶಿಕ್ಷೆಯ ಕೆಲವು ವರ್ಷ ಮುಗಿಸಿದ ಕೈದಿಗಳಿಗೆ ಇಲ್ಲೇ ಮದುವೆಯಾಗಿ, ಹೊಲ ಮಾಡಿಕೊಂಡಿರಲು ಬಿಡುತ್ತಿದ್ದರಂತೆ. ಅಂಥವರ ಮಕ್ಕಳು, ಮರಿಮಕ್ಕಳಿಗೆ ಇಲ್ಲಿ ಆ ಹೆಸರು.

‘ನಿಮ್ಮ ಮೂಲ ಊರು ಯಾವುದು ಕಾಕಾ?’ ಎಂದು ಹಿಂದಿಯಲ್ಲಿ ಕೇಳಿದೆ.

‘ಮುತ್ತಜ್ಜ ಹಡಗಿನಲ್ಲಿ ಬಂದ ಅನ್ನುವುದಷ್ಟೇ ಗೊತ್ತು ಬೇಟಾ. ಊರಿನ ಹೆಸರು ಅವನ ಜೊತೆಗೇ ಹೋಯಿತು’ ಎಂದರು.

ಆ ಮಾತು ಗಾಣಕ್ಕಿಂತ ಭಾರವೆನಿಸಿತು. ನಮ್ಮ ಸೀಮೆಯ ಎಷ್ಟೋ ಮಂದಿ ಮಳೆ ಕೈಕೊಟ್ಟಾಗ ಗೋವಾ, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಕಷ್ಟ ಅವರಿಗೂ ಇದೆ. ಆದರೂ ಜಾತ್ರೆಗೆ, ಹಬ್ಬಕ್ಕೆ ಊರಿನ ಬಸ್ಸು ಹತ್ತುತ್ತಾರೆ. ಕರಿನೀರಿಗೆ ಹೋದವರಿಗೆ ಆ ಬಸ್ಸೇ ಇರಲಿಲ್ಲ. ದುಡಿಮೆ, ಹೊಡೆತ, ಹಸಿವಿಗಿಂತ ದೊಡ್ಡ ಶಿಕ್ಷೆ ಬಹುಶಃ ಅದೇ.

ಅಂಡಮಾನ್ ಅಂದರೆ ನಮ್ಮ ವಯಸ್ಸಿನವರಿಗೆ ಬೀಚು, ಸ್ಕೂಬಾ, ರೀಲ್ಸ್. ಅವೆಲ್ಲ ಇರಲಿ, ನಾವೂ ಮಾಡಿದೆವು. ಆದರೆ ಜೈಲಿಗೆ ಅರ್ಧ ದಿನವಾದರೂ ಇಡಿ. ಒಂದು ಕೋಣೆಯೊಳಗೆ ಹೋಗಿ, ಮೊಬೈಲು ಜೇಬಿಗಿಟ್ಟು, ಆ ಚಿಲಕದ ಕಡೆ ಒಮ್ಮೆ ಕೈ ಚಾಚಿ ನೋಡಿ.